ಹುಲಿಕಲ್ ಇಳಿಯದ ಕಂಪ್ಯೂಟರ್

ಹೊಸನಗರದ ಶಿವಮೂರ್ತಿಗೆ ಕಂಡರಾಗದವರು ಬಹಳ ಮಂದಿ. ಬಸ್ ಸ್ಟ್ಯಾಂಡಿನ ಏಜೆಂಟ, ತನ್ನ ಹಳೆಯ ಬಸ್ಸಿನ ಮಾಲೀಕ, ಎದುರುಮನೆಯ ನಿವೃತ್ತ ಮೇಷ್ಟ್ರು, ಕೇಳದಿದ್ದರೂ ಬುದ್ಧಿ ಹೇಳಲು ಬರುವ ಸಕಲರೂ ಆ ಪಟ್ಟಿಯಲ್ಲಿದ್ದರು. ಆದರೆ ಪಟ್ಟಿಯ ತಲೆಯ ಮೇಲೆ ಕೂತವನು ಒಬ್ಬನೇ, ಸಾಗರದ ಸುಬ್ಬರಾಯ. ಅವನ ಹೆಸರು ಕಿವಿಗೆ ಬಿದ್ದ ದಿನ ಶಿವಮೂರ್ತಿಗೆ ಅನ್ನ ಸೇರುತ್ತಿರಲಿಲ್ಲ. ಅಂಥವನ ಮಗಳ ಅಂಗಡಿಗೇ ಹೋಗಿ, ‘ನನ್ನ ಗೇಮಿಂಗ್ ಕಂಪ್ಯೂಟರಿಗೆ ಹೊಸ ಸಾಮಾನು ಈಗ ಹಾಕಿಸಲಾ, ಇಲ್ಲ ಸ್ವಲ್ಪ ತಡೀಲಾ’ ಎಂದು ಕೈಕಟ್ಟಿ ಕೇಳುವ ಗತಿ ಅವನಿಗೆ ಬಂತು ನೋಡಿ!

ಕಂಪ್ಯೂಟರಿನ ಕತೆ ಆಮೇಲೆ. ಮೊದಲು ಈ ಹಗೆಯ ಕತೆ ಕೇಳಿ, ಇಲ್ಲದಿದ್ದರೆ ಮುಂದಿನದು ತಲೆಬುಡ ತಿಳಿಯುವುದಿಲ್ಲ.

ಶಿವಮೂರ್ತಿ ಹುಟ್ಟಿದ್ದು ನಗರ ಎಂಬ ಹಳೆಯ ಊರಿನಲ್ಲಿ, ಕೋಟೆಯ ಕೆಳಗಿನ ಮನೆಯಲ್ಲಿ. ಹದಿನಾರಕ್ಕೆ ಲಾರಿ ಕ್ಲೀನರ್ ಆದ, ಇಪ್ಪತ್ತಮೂರಕ್ಕೆ ಬಸ್ಸಿನ ಸ್ಟೇರಿಂಗ್ ಹಿಡಿದ. ಅಲ್ಲಿಂದ ಮೂವತ್ತೊಂದು ವರ್ಷ ಒಂದೇ ರೂಟು. ಸಾಗರದಲ್ಲಿ ಹೊರಟು ಹೊಸನಗರ, ನಗರ, ಮಾಸ್ತಿಕಟ್ಟೆ ದಾಟಿ, ಹುಲಿಕಲ್ ಘಾಟಿ ಇಳಿದು ಕುಂದಾಪುರ. ಅವನ ಜೀವವೆಲ್ಲ ಇದ್ದದ್ದು ಆ ಘಾಟಿಯಲ್ಲಿ. ಘಾಟಿಯ ತಲೆಯಲ್ಲಿ ಅಮ್ಮನ ಗುಡಿಯೆದುರು ಬಸ್ಸು ನಿಧಾನ ಮಾಡಿ, ಕಿಟಕಿಯಿಂದ ಒಂದು ರೂಪಾಯಿ ಹಾಕಿ, ಮನಸ್ಸಿನಲ್ಲೇ ಕೈಮುಗಿದು ಗೇರು ಇಳಿಸಿದನೆಂದರೆ ಹಿಂದೆ ಕೂತ ಬಸುರಿ ಹೆಂಗಸಿಗೂ ಒಂದು ಕುಲುಕಾಟ ಗೊತ್ತಾಗುತ್ತಿರಲಿಲ್ಲ. ಹೆಂಡತಿ ಹೇಮಾವತಿಯ ಜೊತೆ ಎರಡು ಒಳ್ಳೆಯ ಮಾತು ಆಡಲು ಬಾರದ ಈ ಒರಟನ ಕೈಯಲ್ಲಿ ಅಂಥ ನಯ ಎಲ್ಲಿಂದ ಬಂತೋ, ಆ ಅಮ್ಮನಿಗೇ ಗೊತ್ತು.

ಅವನ ಬಸ್ಸು ಹೊರಟ ಆರು ನಿಮಿಷಕ್ಕೆ ಹಿಂದಿನಿಂದ ಸುಬ್ಬರಾಯನ ಬಸ್ಸು. ಮಾಲೀಕರು ಬೇರೆ, ರಸ್ತೆ ಅದೇ, ಕೈ ಅಡ್ಡ ಹಾಕುವ ಜನವೂ ಅವರೇ. ಆರು ನಿಮಿಷ ನಮಗೆ ನಿಮಗೆ ಯಾವ ಲೆಕ್ಕ? ಲೈನ್ ಬಸ್ಸಿನವರಿಗೆ ಅದೇ ಅನ್ನ. ಮುಂದಿನವನು ಎರಡು ನಿಮಿಷ ತಡಮಾಡಿದರೆ ಹಿಂದಿನವನ ಜನವೆಲ್ಲ ಅವನ ಬಸ್ಸಿಗೆ; ಎರಡು ನಿಮಿಷ ಮೊದಲು ಹೊರಟರೆ ಅವನ ಜನವೆಲ್ಲ ಹಿಂದಿನವನಿಗೆ. ಒಂದು ದಿನ ಹೊಸನಗರದ ಸ್ಟ್ಯಾಂಡಿನಲ್ಲಿ ಸುಬ್ಬರಾಯ ಸಾಧು ಮುಖ ಮಾಡಿಕೊಂಡು ಬಂದು, “ನಗರದಲ್ಲಿ ಮದ್ವೆ ದಿಬ್ಬಣ ನಿಂತದೆ ಮಾರಾಯ, ಬೇಗ ಹೊರಡು” ಅಂದ. ಶಿವಮೂರ್ತಿ ನಂಬಿ ಹೊರಟೇಬಿಟ್ಟ. ನಗರದಲ್ಲಿ ದಿಬ್ಬಣವಿರಲಿ, ಒಂದು ನಾಯಿಯೂ ಇರಲಿಲ್ಲ. ಇತ್ತ ಹೊಸನಗರದ ಸಂತೆ ಜನವೆಲ್ಲ ಸುಬ್ಬರಾಯನ ಬಸ್ಸಿನ ಬಾಗಿಲಿಗೆ ನೇತುಬಿದ್ದಿತ್ತು.

ಅಂದೇ ಶಿವಮೂರ್ತಿ ಒಂದು ನಿಯಮ ಮಾಡಿಕೊಂಡ. ಸುಬ್ಬರಾಯ ಹೋಗು ಅಂದರೆ ನಿಲ್ಲು, ನಿಲ್ಲು ಅಂದರೆ ಹೋಗು. ಇಪ್ಪತ್ತು ವರ್ಷ ಈ ನಿಯಮ ಅವನ ಕೈಬಿಡಲಿಲ್ಲ. ಇಬ್ಬರೂ ಬೈದಾಡಿಕೊಂಡರು, ಒಮ್ಮೆ ಮಾಸ್ತಿಕಟ್ಟೆಯಲ್ಲಿ ಅಂಗಿ ಹಿಡಿದು ಎಳೆದಾಡಿದರು, ಎಣ್ಣೆ ಸೀಗೆಕಾಯಿ ಸಂಬಂಧ ಅಂತ ಎರಡೂ ತಾಲೂಕಿಗೆ ಗೊತ್ತಾಯಿತು.

ಮೂರು ವರ್ಷದ ಹಿಂದೆ ನಗರದ ತಿರುವಿನಲ್ಲಿ ಶಿವಮೂರ್ತಿಯ ಬಸ್ಸಿನ ಎಡಮೈ ಮೋರಿ ಕಟ್ಟೆಗೆ ಉಜ್ಜಿ ಮುಂಬಾಗಿಲಿನಿಂದ ಹಿಂಚಕ್ರದವರೆಗೆ ಹರಿದುಹೋಯಿತು. ಒಬ್ಬ ಮುದುಕಿಯ ಭುಜಕ್ಕೆ ಪೆಟ್ಟಾಯಿತು. ಆರು ನಿಮಿಷಕ್ಕೆ ಬಂದ ಸುಬ್ಬರಾಯ ಇಳಿದು, ಹರಿದ ತಗಡು ನೋಡಿ, ಮತ್ತೆ ತನ್ನ ಬಸ್ಸು ಹತ್ತಿ ಹೋದ. ಸಂಜೆ ಶಿವಮೂರ್ತಿಯ ಮಾಲೀಕ ಕರೆದು ಬಸ್ಸಿನ ಕೀ ಇಸಿದುಕೊಂಡ. “ಸುಬ್ಬರಾಯ ಹೇಳ್ದ. ನಿಂಗೆ ಎಡಗಡೆ ಕಾಣ್ತಿಲ್ಲವಂತೆ. ಸುಮಾರು ದಿನದಿಂದ ನೋಡ್ತಿದಾನಂತೆ. ಜನ ಕೂರೋ ಗಾಡಿ ಮಾರಾಯ, ಬೇಡ, ಇಳಿ.”

“ನಾಲಗೆಗೆ ಹುಳ ಬೀಳ್ಲಿ ಅವನಿಗೆ!” ಎಂದು ಕೂಗಾಡಿ ಶಿವಮೂರ್ತಿ ಮನೆಗೆ ಬಂದ. ಊರಿನಲ್ಲಿ ಆಗಲೇ ಸುದ್ದಿ ಬೇರೆಯಾಗಿ ಹರಡಿತ್ತು. ಡ್ರೈವರ್ ಕುಡಿದಿದ್ದನಂತೆ! ಮೂವತ್ತೊಂದು ವರ್ಷದಲ್ಲಿ ಒಂದು ದಿನ ಕುಡಿದು ಸ್ಟೇರಿಂಗ್ ಮುಟ್ಟಿದವನಲ್ಲ. ಹೇಮಾವತಿ ಮುಖಕ್ಕೇ ಕೇಳಿದಳು, “ಹೌದಾ? ಕುಡ್ದಿದ್ರಾ?” ಇಲ್ಲ ಎಂದು ಬಾಯಿಗೆ ಬಂದದ್ದನ್ನು ನುಂಗಿ ಅವನು, “ಹ್ಞೂಂ, ಸ್ವಲ್ಪ” ಅಂದುಬಿಟ್ಟ. ಹುಚ್ಚನಾ ಇವನು ಅನ್ನಬೇಡಿ. ಅವನ ಲೆಕ್ಕ ಅವನಿಗಿತ್ತು. ಕುಡುಕ ಡ್ರೈವರ್ ನಾಳೆ ಕುಡಿತ ಬಿಟ್ಟರೆ ಮತ್ತೆ ಡ್ರೈವರ್. ಕಣ್ಣು ಕಾಣದವನು ಯಾವತ್ತಿಗೂ ಡ್ರೈವರ್ ಅಲ್ಲ.

ಆ ಲೆಕ್ಕವೂ ಕೈಕೊಟ್ಟಿತು. ಪಿಂಚಣಿ ಆಫೀಸಿಗೆ ಹೋಗುತ್ತೇನೆಂದು ಸುಳ್ಳು ಹೇಳಿ ಶಿವಮೊಗ್ಗಕ್ಕೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದಾಗ, ಅವರು ಯಂತ್ರದೊಳಗೆ ತಲೆ ಇಡಿಸಿ, ಚುಕ್ಕೆ ಕಂಡಾಗೆಲ್ಲ ಗುಂಡಿ ಒತ್ತಿಸಿ, ಒಂದು ಚಿತ್ರ ತೆಗೆದು ತೋರಿಸಿದರು. ಕಣ್ಣಿನೊಳಗೆ ಒತ್ತಡ. ಎರಡೂ ಕಣ್ಣಿನಲ್ಲಿ ಎಡಬದಿಯ ನೋಟ ತಿಂದುಹಾಕಿದೆ. “ಹೋದದ್ದು ಬರೋಲ್ಲ. ಇರೋದನ್ನ ಆದಷ್ಟು ದಿನ ಉಳಿಸ್ಕೊಳ್ಳೋಣ, ದಿನಾ ಡ್ರಾಪ್ಸ್ ಹಾಕಿ.” ಎಷ್ಟು ದಿನ ಎಂದು ಕೇಳಿದ್ದಕ್ಕೆ ಡಾಕ್ಟರು ಡ್ರಾಪ್ಸಿನ ಚೀಟಿ ಬರೆದು ಕೈಗಿಟ್ಟರು. ಶಿವಮೂರ್ತಿಗೆ ಕಣ್ಣಿಗಿಂತ ಹೆಚ್ಚು ಉರಿದದ್ದು ಬೇರೆ. ಆ ಸುಬ್ಬರಾಯ ಹೇಳಿದ್ದು ನಿಜವಾಯಿತಲ್ಲ! ಡ್ರಾಪ್ಸಿನ ಬಾಟಲಿಯನ್ನು ಸ್ಕ್ರೂಡ್ರೈವರುಗಳ ಡಬ್ಬಿಯಲ್ಲಿ ಬಚ್ಚಿಟ್ಟು, ಯಾರಿಗೂ ಹೇಳದೆ ಹಾಕಿಕೊಳ್ಳತೊಡಗಿದ.

ಈಗ ಕಂಪ್ಯೂಟರು. ಮನೆಯಲ್ಲಿ ಕೂತು ಗೋಡೆ ನೋಡಿ ಹುಚ್ಚು ಹಿಡಿಯುವ ಹೊತ್ತಿಗೆ, ಮದುವೆ ಆಲ್ಬಮ್ ಮಾಡುತ್ತಿದ್ದ ಸ್ಟುಡಿಯೋದವನೊಬ್ಬ ಅಂಗಡಿ ಮುಚ್ಚಿ ತನ್ನ ಕಂಪ್ಯೂಟರನ್ನು ಇವನಿಗೆ ಮಾರಿದ. ಬಸ್ ಓಡಿಸುವ ಗೇಮ್ ಅದರಲ್ಲಿತ್ತು. ಐವತ್ತೈದರ ಗಂಡಸು, ಆಟಿಕೆಯಂಥ ಸ್ಟೇರಿಂಗ್ ಮೇಜಿಗೆ ಬಿಗಿದು, ಕಾಲ ಬುಡದಲ್ಲಿ ಪೆಡಲ್ ಇಟ್ಟುಕೊಂಡು, ಖಾಕಿ ಅಂಗಿ ಹಾಕಿ ಬೆಳಗ್ಗೆ ಏಳೂ ಕಾಲಿಗೆ ಟ್ರಿಪ್ ಹೊರಡುತ್ತಿದ್ದ. ಹೇಮಾವತಿ ಹಣೆ ಚಚ್ಚಿಕೊಂಡಳು. “ಕುಡ್ದು ಬಸ್ ಗುದ್ದಿದ್ದು ಸಾಲ್ದಾ? ಈಗ ಮನೆಯೊಳಗೆ ಬೇರೆ ಗುದ್ಬೇಕಾ?” ಅವನು ಹಾರ್ನ್ ಹೊಡೆಯುತ್ತಿದ್ದ.

ಗೇಮಿನಲ್ಲಿ ಇದ್ದದ್ದೆಲ್ಲ ಯಾವುದೋ ದೇಶದ ರಸ್ತೆಗಳು. ಮೇಜಿನ ಮುಂದೆ ತಲೆ ಸ್ವಲ್ಪ ಎಡಕ್ಕೆ ತಿರುಗಿಸಿ ಕೂತರೆ ಕಾಣದ್ದೂ ಕಾಣುತ್ತಿತ್ತು, ಅಗಲದ ರಸ್ತೆಯಲ್ಲಿ ತೊಂದರೆಯಿರಲಿಲ್ಲ. ಹೀಗಿರುವಾಗ, ಹೋದ ವರ್ಷ, ಕರಾವಳಿ ಕಡೆಯ ಯಾವನೋ ಪುಣ್ಯಾತ್ಮ ಹುಲಿಕಲ್ ಘಾಟಿಯನ್ನೇ ಇದ್ದಹಾಗೆ ಮಾಡಿ ಗೇಮಿಗೆ ಬಿಟ್ಟ. ಮಾಸ್ತಿಕಟ್ಟೆಯ ತಂಗುದಾಣ, ಘಾಟಿಯ ತಲೆಯ ಗುಡಿ, ಒಂದೊಂದು ತಿರುವು, ಮೋರಿ ಕಟ್ಟೆಯ ಸುಣ್ಣದ ಪಟ್ಟೆ ಕೂಡ. ಶಿವಮೂರ್ತಿ ಮೊದಲ ಸಲ ತೆರೆದಾಗ ಮಾನಿಟರಿನ ಮುಂದೆ ಒಂದು ರೂಪಾಯಿ ಇಟ್ಟು, ಕೈಮುಗಿದು, ಗೇರು ಇಳಿಸಿದ.

ಮೊದಲ ತಿರುವಿನಲ್ಲೇ ಚಿತ್ರ ನಿಂತುಹೋಯಿತು. ಮತ್ತೆ ಹೊರಟಾಗ ಬಸ್ಸು ಪ್ರಪಾತದಲ್ಲಿತ್ತು. ಹತ್ತು ಸಲ ಹೀಗೇ ಆಯಿತು. ಸ್ಟುಡಿಯೋದವನ ಹಳೆಯ ಕಂಪ್ಯೂಟರಿಗೆ ಅಷ್ಟೊಂದು ಕಾಡು, ಅಷ್ಟೊಂದು ತಿರುವು ಎತ್ತುವ ತಾಕತ್ತಿರಲಿಲ್ಲ. ಶಿವಮೂರ್ತಿಗೆ ಬೇರೆ ಯಾವ ಆಸೆಯೂ ಉಳಿದಿರಲಿಲ್ಲ. ಕಣ್ಣು ಪೂರಾ ಕೈಕೊಡುವ ಮೊದಲು ಒಂದೇ ಒಂದು ಸಲ, ಅಮ್ಮನ ಗುಡಿಯಿಂದ ಕೆಳಗಿನವರೆಗೆ, ಎಲ್ಲೂ ಉಜ್ಜದೆ ಆ ಘಾಟಿ ಇಳಿಯಬೇಕು. ಇಷ್ಟೇ.

ಹೊಸ ಸಾಮಾನು ಹಾಕಿಸುತ್ತೇನೆಂದ ತಕ್ಷಣ ಬುದ್ಧಿವಂತರೆಲ್ಲ ಎದ್ದು ಕೂತರು. “ಪಿತೃಪಕ್ಷ ನಡೀತಿದೆ, ಈಗ ಹೊಸ ಸಾಮಾನು ತರೋದಾ?” ಅಂದಳು ಹೇಮಾವತಿ. “ಜಿಎಸ್‌ಟಿ ಇಳಿಯತ್ತಂತೆ, ತಡಿ. ತಾಳಿದವನು ಬಾಳಿಯಾನು” ಅಂದರು ಎದುರುಮನೆಯ ಮೇಷ್ಟ್ರು, ಯಾರೂ ಕೇಳದೆ. ವಾಟ್ಸಾಪಿನ ಗೇಮ್ ಗ್ರೂಪಿನ ಹುಡುಗರು ದೀಪಾವಳಿ ಆಫರ್ ಬರಲಿ ಎಂದೂ, ಹೊಸ ವರ್ಷಕ್ಕೆ ಚಿತ್ರ ಎತ್ತುವ ಹೊಸ ಕಾರ್ಡು ಬಂದರೆ ಹಳೆಯದು ಅಗ್ಗವಾದೀತು ಎಂದೂ, ಆಗದೆಯೂ ಇದ್ದೀತು ಎಂದೂ ಅಡ್ಡಗೋಡೆ ಮೇಲೆ ದೀಪ ಇಟ್ಟರು. ತಾಳುವುದಂತೆ! ಇವರ ಮನೆ ಹಾಳಾಗ, ಇವರ ಕಣ್ಣಿನ ನೋಟವೇನು ಸೋರಿಹೋಗುತ್ತಿತ್ತಾ?

ಕೊನೆಗೆ ಅವನು ಸಾಗರಕ್ಕೆ ಹೋದ. ಈ ಕಡೆಗೆ ಗೇಮಿಂಗ್ ಸಾಮಾನು ಸಿಗುವುದು ಒಂದೇ ಅಂಗಡಿಯಲ್ಲಿ, ಅದನ್ನು ನಡೆಸುವವಳು ಸುಬ್ಬರಾಯನ ಮಗಳು ತೃಪ್ತಿ. ಅಪ್ಪ ಇಲ್ಲದ ಹೊತ್ತು ನೋಡಿಯೇ ಹೋಗಿದ್ದ. ಒಳಗೆ ಕಾಲಿಡುವಾಗ ಎಡಗಡೆ ಜೋಡಿಸಿದ್ದ ಕೀಬೋರ್ಡುಗಳ ಸ್ಟ್ಯಾಂಡಿಗೆ ಭುಜ ತಾಗಿ ನಾಲ್ಕು ಡಬ್ಬಿ ದಬದಬ ಬಿದ್ದವು. “ದಾರೀಲಿ ಯಾಕೆ ಇಟ್ಕತೀರಿ ಇದನ್ನ!” ಎಂದು ಅವನೇ ರೇಗಿದ. ತಲೆ ಎತ್ತಿದರೆ ಮೂಲೆಯ ಕುರ್ಚಿಯಲ್ಲಿ ಸುಬ್ಬರಾಯ. ಆ ದಿನ ರಜೆ ಹಾಕಿದ್ದನಂತೆ, ದರಿದ್ರ. ಬಿದ್ದ ಡಬ್ಬಿಗಳನ್ನೂ ಶಿವಮೂರ್ತಿಯ ಮುಖವನ್ನೂ ಬಹಳ ಹೊತ್ತು ನೋಡಿದ.

ತೃಪ್ತಿ ಎಲ್ಲ ಕೇಳಿಕೊಂಡು ಹೇಳಿದಳು, “ಈಗಲೇ ತಗೊಳ್ಳಿ ಮೂರ್ತಣ್ಣ. ಕಾರ್ಡಿಗೆ ಬೇಕಾದ್ರೆ ಕಾಯಬೋದು, ಮೆಮೊರಿ ಅಂತಾರಲ್ಲ, ಆ ರ‍್ಯಾಮಿಗೆ ಕಾಯಬೇಡಿ. ರೇಟು ವಾರ ವಾರ ಏರ್ತಾ ಇದೆ. ನನ್ನತ್ರ ಹಳೇ ರೇಟಿಂದು ಎರಡೇ ಇರೋದು.”

ಅಷ್ಟರಲ್ಲಿ ಮೂಲೆಯಿಂದ ಸುಬ್ಬರಾಯ ಬಾಯಿ ಹಾಕಿದ. “ತಗಂಡ್ಬಿಡು ಮಾರಾಯ. ಕಾಯಬ್ಯಾಡ.”

“ಅಪ್ಪಯ್ಯ, ನೀ ಎಂತ ಮಾತಾಡಡ. ನಾ ಹೇಳ್ತೆ” ಎಂದು ಮಗಳು ತಮ್ಮ ಮನೆಮಾತಿನಲ್ಲಿ ಗದರಿ ಅವನ ಬಾಯಿ ಮುಚ್ಚಿಸಿದಳು. ತಡವಾಗಿತ್ತು. ಶಿವಮೂರ್ತಿಯ ತಲೆಯೊಳಗೆ ಇಪ್ಪತ್ತು ವರ್ಷದ ನಿಯಮ ಗಂಟೆ ಹೊಡೆಯಿತು. ಸುಬ್ಬರಾಯ ಹೋಗು ಅಂದನೇ? ಹಾಗಾದರೆ ನಿಲ್ಲು. ಅಪ್ಪ ಮಗಳು ಸೇರಿ ಮಾರದೆ ಉಳಿದ ಮಾಲನ್ನು ನನ್ನ ತಲೆಗೆ ಕಟ್ಟುವ ಹುನ್ನಾರ ಇದು!

“ದಿಬ್ಬಣ ನಿಂತದಾ ಈ ಸಲನೂ?” ಎಂದು ಸುಬ್ಬರಾಯನಿಗೆ ಕೇಳಿ, ಬಾಗಿಲು ದಾಟಿ ಹೊರಟುಬಂದ. ಬಸ್ಸಿನಲ್ಲಿ ಕೂತು ಹೊಸನಗರದವರೆಗೆ ಒಬ್ಬನೇ ನಕ್ಕ. ಮೋಸ ಹೋಗಲಿಲ್ಲ ಎಂಬ ಖುಷಿ.

ದೀಪಾವಳಿ ಬಂತು. ರ‍್ಯಾಮಿನ ಬೆಲೆ ಒಂದೂವರೆ ಪಟ್ಟಾಯಿತು. ಯಾವುದೋ ದೇಶದಲ್ಲಿ ಅದೆಂಥದೋ ದೊಡ್ಡ ದೊಡ್ಡ ಕಂಪ್ಯೂಟರಿನ ಗೋದಾಮು ಕಟ್ಟುತ್ತಾರಂತೆ, ರ‍್ಯಾಮೆಲ್ಲ ಅಲ್ಲಿಗೇ ಹೋಗುತ್ತದಂತೆ. ಇಳಿಯುತ್ತದೆ ಎಂದು ಕಾದ. ಕಾರ್ತಿಕ ಕಳೆಯುವಾಗ ಎರಡು ಪಟ್ಟು. ಸಂಕ್ರಾಂತಿಗೆ ಮೂರು ಪಟ್ಟಿಗೂ ಮೇಲೆ. “ಇನ್ನೂ ಸ್ವಲ್ಪ ತಾಳಬೇಕೇನೋ” ಎಂದರು ಮೇಷ್ಟ್ರು, ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು. ಶಿವಮೂರ್ತಿ ಅವರ ಕೈಯ ಕಾಗದದ ಪೊಟ್ಟಣವನ್ನೇ ಕಿತ್ತುಕೊಂಡು ಒಳಗೆ ಹೋದ.

ಬೆಲೆ ಏರಿದಂತೆ ಕಣ್ಣು ಇಳಿಯಿತು. ಈಗ ಊಟಕ್ಕೆ ಕೂತರೆ ಬಾಳೆಲೆಯ ಎಡತುದಿಯ ಉಪ್ಪಿನಕಾಯಿ ಅವನಿಗೆ ಇಲ್ಲ. ಕಪ್ಪಾಗಿ ಕಾಣುತ್ತದೆಂದಲ್ಲ, ಅಲ್ಲಿ ಏನಾದರೂ ಇರಬಹುದು ಎಂಬುದೇ ಮರೆತುಹೋದಂತೆ. “ಉಪ್ಪಿನಕಾಯಿ ಹಾಕ್ಲಿಲ್ಲ” ಎಂದು ಅವನು ರೇಗುವುದು, “ಕಣ್ಣು ಕಾಣಲ್ವಾ ನಿಮಗೆ” ಎಂದು ಹೇಮಾವತಿ ತಿರುಗಿ ರೇಗುವುದು. ಅವಳ ಬಾಯಲ್ಲಿ ಬರೀ ಬೈಗುಳವಾಗಿದ್ದ ಆ ಮಾತಿಗೆ ಅವನ ಎದೆ ಧಸಕ್ಕೆನ್ನುತ್ತಿತ್ತು. ಸ್ಕೂಟರನ್ನೂ ಮಾರಿಬಿಟ್ಟ. ಪೆಟ್ರೋಲ್ ದುಬಾರಿ ಎಂದು ಹೇಳಿದ. ನಿಜವಾಗಿ ಅಂಚೆ ಕಚೇರಿಯ ಎದುರು ಎಡಗಡೆಯಿಂದ ಬಂದ ಶಾಲೆಯ ಮಗುವೊಂದು ಅವನ ಚಕ್ರಕ್ಕೆ ಸಿಗದೆ ಉಳಿದದ್ದು ದೇವರ ದಯೆ. ಆ ದಿನ ಮನೆಗೆ ಬಂದು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದ.

ಸ್ಕೂಟರಿನ ಹಣ ಹಿಡಿದು ತೃಪ್ತಿಗೆ ಫೋನ್ ಮಾಡಿದ. “ಆಯ್ತು, ಈಗ ಹಾಕು.”

ಹುಡುಗಿ ಹೌಹಾರಿದಳು. “ಅಯ್ಯೋ, ಈಗ ಬೇಡ ಮೂರ್ತಣ್ಣ! ಆವಾಗ ಹೇಳಿದ್ರೆ ಕೇಳಲಿಲ್ಲ. ಈಗ ಹಾಕ್ಸಿದ್ರೆ ದುಡ್ಡು ಹೊಳೆಗೆ ಸುರಿದ ಹಾಗೆ. ವರ್ಷ ತಡೀರಿ, ಇಳೀಬೋದು.”

“ವರ್ಷ! ನಿಂಗೆ ಕೊಡೋಕೆ ಆಗ್ತದಾ ಇಲ್ವಾ? ವ್ಯಾಪಾರ ಮಾಡೋರು ಗಿರಾಕಿಗೆ ಬೇಡ ಅಂತಾರಾ?”

“ಅದಲ್ಲ…”

“ಈಗ ಅಂದ್ರೆ ಈಗ. ಮತ್ತೆ ಒಂದು ಮಾತು, ನಿಮ್ಮ ಅಪ್ಪನ ಬಸ್ಸಲ್ಲಿ ಮಾತ್ರ ಕಳಿಸ್ಬೇಡ.”

ಆ ಕಡೆ ಹುಡುಗಿ, “ನಾನೇ ತಗೊಂಡು ಬಂದು ಹಾಕಿಕೊಡ್ತೀನಿ” ಅಂದಳು.

ಬಂದಳು, ಗುರುವಾರ ಮಧ್ಯಾಹ್ನ. ಗೇಟಿನ ಸದ್ದಿಗೆ ಶಿವಮೂರ್ತಿ ಹೊರಬಂದರೆ, ಅವಳ ಹಿಂದೆ ರಟ್ಟಿನ ಡಬ್ಬಿಯನ್ನು ಕೂಸಿನ ಹಾಗೆ ಎದೆಗವಚಿಕೊಂಡು ಖಾಕಿ ಅಂಗಿಯ ಸುಬ್ಬರಾಯ. ಈಗ ಅವನು ಓಡಿಸುವುದು ಸಾಗರ ಹೊಸನಗರದ ಬಸ್ಸು, ಹೊಸನಗರದಲ್ಲಿ ನಲವತ್ತು ನಿಮಿಷ ಹಾಲ್ಟು. ಪಾರ್ಸೆಲ್ಲು ಬಂದದ್ದು ಅವನ ಬಾನೆಟ್ಟಿನ ಮೇಲೆಯೇ.

“ಹೇಳಿರ್ಲಿಲ್ವಾ ನಿಂಗೆ!” ಎಂದು ಶಿವಮೂರ್ತಿ ತೃಪ್ತಿಯ ಮೇಲೆ ಹರಿಹಾಯ್ದ.

“ಬೇರೆ ಬಸ್ಸಲ್ಲಿ ಕುಲುಕಾಡಿ ಹಾಳಾಗ್ತದೆ” ಅಂದ ಸುಬ್ಬರಾಯ. “ಸಾಮಾನು ದುಬಾರಿ.” ಡಬ್ಬಿ ಒಳಗಿಟ್ಟು, ಯಾರೂ ಕೂರು ಎನ್ನದ್ದರಿಂದ ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಹೇಮಾವತಿಯೇ ನಾಚಿಕೆಯಾಗಿ ಮಜ್ಜಿಗೆ ತಂದುಕೊಟ್ಟಳು. ಅವನು ನಿಂತೇ ಕುಡಿದ.

ತೃಪ್ತಿ ಕಾಲು ಗಂಟೆಯೊಳಗೆ ಹಳೆಯದು ಬಿಚ್ಚಿ ಹೊಸದು ಕೂರಿಸಿದಳು. ಪೆಟ್ಟಿಗೆಯೊಳಗೆ ಫ್ಯಾನು ಮೆಲ್ಲಗೆ ತಿರುಗಿತು. ಶಿವಮೂರ್ತಿ ಮೇಜಿನ ಮುಂದೆ ಕೂತು ಘಾಟಿ ತೆರೆದ. ಏನು ಹೇಳಲಿ! ಮಾಸ್ತಿಕಟ್ಟೆ ಎದ್ದು ಬಂತು. ರಸ್ತೆಯ ಮೇಲೆ ಬಿದ್ದ ಎಲೆ ಗಾಳಿಗೆ ಸರಿಯಿತು. ಗುಡಿ, ಗುಡಿಯ ಮುಂದಿನ ಗಂಟೆ, ಕಿಟಕಿ ಕನ್ನಡಿಯಲ್ಲಿ ಹಿಂದೆ ಸರಿಯುವ ಮರಗಳು. ಎಲ್ಲೂ ನಿಲ್ಲಲಿಲ್ಲ, ತಡವರಿಸಲಿಲ್ಲ. ಅವನು ರೂಪಾಯಿ ಇಟ್ಟು ಕೈಮುಗಿದ. ಮೊದಲ ತಿರುವು ನುಣ್ಣಗೆ ಇಳಿಯಿತು. ಎರಡನೆಯದೂ ಇಳಿಯಿತು. ಮೂರು ವರ್ಷದಲ್ಲಿ ಮೊದಲ ಸಲ ಮನೆಯವರೆದುರು ಅವನ ಹಲ್ಲು ಕಾಣುವಂತೆ ನಗು ಬಂತು.

“ಇಷ್ಟು ನಿಧಾನ ಹೋದ್ರೆ ಹಿಂದೆ ನನ್ನ ಬಸ್ಸು ಬತ್ತದೆ ನೋಡು” ಎಂದಿತು ಬಾಗಿಲ ಕಡೆಯ ದನಿ.

“ಬಾಯಿ ಮುಚ್ಚು.”

ಮೂರನೆಯ ತಿರುವಿನಲ್ಲಿ ಢಬ್ ಎಂದು ಸದ್ದಾಯಿತು. ಬಸ್ಸಿನ ಎಡಮೈ ಮೋರಿ ಕಟ್ಟೆಗೆ ಬಡಿದು, ಮೂತಿ ತಿರುಗಿ, ಇಡೀ ಬಸ್ಸು ಕಾಡಿಗೆ ಉರುಳಿತು. ಅವನು ಮತ್ತೆ ಗುಡಿಯಿಂದ ಹೊರಟ. ಈ ಸಲ ತಲೆಯನ್ನು ಪೂರಾ ಎಡಕ್ಕೆ ತಿರುಗಿಸಿದ. ಆಗ ಬಲಗಡೆಯಿಂದ ಬಂದ ಲಾರಿ ಕಣ್ಣಿಗೆ ತಪ್ಪಿ, ಅದಕ್ಕೇ ಗುದ್ದಿದ. ಮತ್ತೆ ಹೊರಟ. ಮತ್ತೆ ಅದೇ ಮೋರಿ, ಅದೇ ಢಬ್. ನಾಲ್ಕನೆಯ ಸಲವೂ ಅಲ್ಲೇ.

ಶಿವಮೂರ್ತಿ ಸ್ಟೇರಿಂಗಿಗೆ ಗುದ್ದಿ ಎದ್ದ. “ಹಾಳು ಸಾಮಾನು ತಂದು ಹಾಕಿದೀಯ! ಎಡಗಡೆ ಚಿತ್ರವೇ ಬರ್ತಿಲ್ಲ. ಮೂರು ಪಟ್ಟು ದುಡ್ಡು ಇಸ್ಕೊಂಡು ಮೋಸ ಮಾಡ್ತೀಯಾ? ಎಷ್ಟಾದ್ರೂ ಆ ಅಪ್ಪನ ಮಗಳೇ ಅಲ್ವಾ ನೀನು!”

ತೃಪ್ತಿಯ ಕಣ್ಣಲ್ಲಿ ನೀರು ಬಂತು. ಮಾನಿಟರಿನ ಎಡತುದಿಯನ್ನು ಬೆರಳಿಂದ ತೋರಿಸಿದಳು. “ಬರ್ತಿದೆ ಮೂರ್ತಣ್ಣ. ಇಲ್ಲಿ ಕಟ್ಟೆ, ಇಲ್ಲಿ ಸುಣ್ಣದ ಪಟ್ಟೆ, ಎಲ್ಲಾ…”

“ಅವಳಿಗೆ ಬಯ್ಯಬ್ಯಾಡ” ಎಂದ ಸುಬ್ಬರಾಯ. ಮಜ್ಜಿಗೆಯ ಲೋಟವನ್ನು ಕಿಟಕಿಯ ಮೇಲಿಟ್ಟು ಒಳಗೆ ಬಂದ. “ಸಾಮಾನು ಸರಿ ಇದೆ. ಮೂರು ವರ್ಷದ ಹಿಂದೆ ಬಸ್ಸೂ ಸರಿ ಇತ್ತು.”

ಅಡುಗೆಮನೆಯ ಬಾಗಿಲಲ್ಲಿ ಹೇಮಾವತಿ ನಿಂತಿದ್ದಳು. “ಏನಂದ್ರಿ?”

ಶಿವಮೂರ್ತಿ ಸುಬ್ಬರಾಯನ ಮುಂದೆ ಹೋಗಿ ನಿಂತ. ಮಾಸ್ತಿಕಟ್ಟೆಯಲ್ಲಿ ಅಂಗಿ ಹಿಡಿದ ಕೈ ಮತ್ತೆ ಮೇಲೆದ್ದಿತು. “ಹೇಳ್ಬೇಡ” ಎಂದ. ಬೆದರಿಸಿದಂತೆ ಶುರುವಾದ ಮಾತು ಕೊನೆಗೆ ಬೇಡಿಕೊಂಡಂತೆ ಕೇಳಿಸಿತು, ಅದಕ್ಕೆ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

“ನಿಮ್ಮ ಗಂಡ ಯಾವತ್ತೂ ಕುಡಿದು ಗಾಡಿ ಮುಟ್ಟಿದವ ಅಲ್ಲ” ಎಂದ ಸುಬ್ಬರಾಯ, ಹೇಮಾವತಿಯನ್ನೇ ನೋಡುತ್ತ. “ಇಪ್ಪತ್ತು ವರ್ಷ ಇವನ ಹಿಂದೆ, ಎಷ್ಟೋ ಸಲ ಇವನ ಬಾಲಕ್ಕೇ ತಾಗಿ ಬಂದವ ನಾನು. ಗಾಡಿ ಎಡಕ್ಕೆ ಎಳೀತಿದ್ದದ್ದು ನನಗೆ ಕಾಣ್ದೆ ಮತ್ಯಾರಿಗೆ ಕಾಣ್ಬೇಕು? ಇವನಿಗೆ ಆ ಬದಿ ಕಣ್ಣಿಲ್ಲ. ನಾನು ಹೇಳ್ದೆ ಇದ್ದಿದ್ರೆ ಐವತ್ತು ಜನರ ಸಮೇತ ಹುಲಿಕಲ್ಲಲ್ಲಿ ಇಳೀತಿದ್ದ, ರಸ್ತೆ ಬಿಟ್ಟು.” ಆಮೇಲೆ ಶಿವಮೂರ್ತಿಗೆ, “ದಿಬ್ಬಣದ್ದು ಸುಳ್ಳು ಹೇಳಿದ್ದೆ. ಒಪ್ತೀನಿ. ಇದು ಸುಳ್ಳಲ್ಲ.”

ಹೇಮಾವತಿ ಗಂಡನ ಮುಖ ನೋಡಿದಳು. ಮೂರು ವರ್ಷ ದಿನಕ್ಕೆರಡು ಸಲ ಕುಡುಕ ಕುಡುಕ ಎಂದು ಚುಚ್ಚಿದ್ದೆಲ್ಲ ಅವಳಿಗೆ ಒಂದೊಂದಾಗಿ ನೆನಪಾಯಿತು. “ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?” ಎಂದು ಕೇಳುವಾಗ ಅವಳಿಗೂ ಸಿಟ್ಟೇ ಬಂದದ್ದು. “ಉಪ್ಪಿನಕಾಯಿ ಬಲಗಡೆ ಹಾಕ್ತಿರ್ಲಿಲ್ವಾ ನಾನು?”

“ಹೊರಗೆ ಹೋಗು” ಎಂದ ಶಿವಮೂರ್ತಿ, ಸುಬ್ಬರಾಯನಿಗೆ.

ಸುಬ್ಬರಾಯ ಹೋಗಲಿಲ್ಲ. ಕೈಗಡಿಯಾರ ನೋಡಿದ. “ಐದು ನಿಮಿಷ ಉಂಟು ನಂಗೆ. ಹಾಕು ಗಾಡಿ.” ಮೇಜಿನ ಎಡಗಡೆಗೆ ಬಂದು, ಮೇಜಿನ ಅಂಚನ್ನು ಬಸ್ಸಿನ ಬಾಗಿಲ ಸರಳಿನಂತೆ ಒಂದು ಕೈಯಲ್ಲಿ ಹಿಡಿದು ನಿಂತ. ಮೂವತ್ತು ವರ್ಷ ಸ್ಟೇರಿಂಗ್ ಹಿಡಿದ ಡ್ರೈವರು, ಇನ್ನೊಬ್ಬ ಡ್ರೈವರನ ಗಾಡಿಗೆ ಕ್ಲೀನರ್ ನಿಲ್ಲುವ ಜಾಗದಲ್ಲಿ. ಲೈನಿನವರು ಯಾರಾದರೂ ನೋಡಿದ್ದರೆ ಸಾಯುವವರೆಗೆ ಆಡಿಕೊಂಡು ನಗುತ್ತಿದ್ದರು. ಅದು ಅವನಿಗೂ ಗೊತ್ತಿತ್ತು, ಶಿವಮೂರ್ತಿಗೂ ಗೊತ್ತಿತ್ತು.

ಶಿವಮೂರ್ತಿ ಕೂತ. ಮೈಯೆಲ್ಲ ದ್ವೇಷ. ಇವನೇ ಬೇಕಿತ್ತಾ ದೇವರಿಗೆ? ಊರಲ್ಲಿ ಬೇರೆ ಯಾರೂ ಸಿಗಲಿಲ್ಲವಾ? ಹೇಮಾವತಿ ಒಳಗೆ ಹೋಗಿ ಸಾಸಿವೆ ಡಬ್ಬಿಯಿಂದ ಒಂದು ರೂಪಾಯಿ ತಂದು ಮಾನಿಟರಿನ ಮುಂದೆ ಠಪ್ಪೆಂದು ಇಟ್ಟಳು. ಅವನು ಗೇರು ಇಳಿಸಿದ.

ಮೊದಲ ತಿರುವು. “ಬರ್ಲಿ, ಬರ್ಲಿ” ಎಂದ ಸುಬ್ಬರಾಯ. ಎರಡನೆಯದು. “ಬರ್ಲಿ, ಜಾಗ ಉಂಟು.” ಶಿವಮೂರ್ತಿ ಅವನ ಮಾತಿಗೆ ಕಿವಿಗೊಡದೆ ತನ್ನ ಪಾಡಿಗೆ ಇಳಿಸಿದ. ಮೂರನೆಯ ತಿರುವು ಬಂತು. ಎಡಗಡೆ ಅವನಿಗೆ ರಸ್ತೆ ಚೊಕ್ಕವಾಗಿ, ಖಾಲಿಯಾಗಿ ಇತ್ತು.

“ಹೋಲ್ಡಾನ್!”

ಸುಬ್ಬರಾಯ ನಿಲ್ಲು ಅಂದರೆ ಹೋಗು. ಇಪ್ಪತ್ತು ವರ್ಷ ಕೈಬಿಡದ ನಿಯಮ ಅವನ ತಲೆಯಲ್ಲಿ ಕೂಗಿತು. ಅವನ ಕಾಲು ಕೇಳಲಿಲ್ಲ. ಬ್ರೇಕು ಒತ್ತಿತು. ಬಸ್ಸು ಜರ್ರೆಂದು ನಿಂತಿತು.

“ಕಟ್ಟೆಗೆ ಒಂದೇ ಗೇಣು ಬಿಟ್ಟಿದೀಯ” ಎಂದ ಸುಬ್ಬರಾಯ. “ಸ್ವಲ್ಪ ಬಲಕ್ಕೆ ಎಳಿ. ಇನ್ನೂ. ಹ್ಞಾ, ರೈಟ್, ಹೋಗು.”

“ಗೊತ್ತು ನಂಗೆ, ಮುಂಡೇಮಗನೆ” ಎಂದು ಶಿವಮೂರ್ತಿ ಹಲ್ಲು ಕಚ್ಚಿದ. ಕಣ್ಣಿಂದ ನೀರು ಸುರಿಯುತ್ತಿತ್ತು, ಇದ್ದ ಬಲಗಡೆಯೂ ಮಂಜಾಯಿತು. ಒರೆಸಿಕೊಳ್ಳಲು ಕೈ ಬಿಡಲಿಲ್ಲ. ಸುಬ್ಬರಾಯ ಹೇಳಿದಷ್ಟೇ ಬಲಕ್ಕೆ ಎಳೆದು, ನಾಲ್ಕನೆಯ ತಿರುವಿಗೆ ಗೇರು ಬದಲಿಸಿದ.